ಮೂರು ತಿಂಗಳ ಬಾಡಿಗೆ

ಬೆಂಗಳೂರಿನ ಹೊರವಲಯದಲ್ಲಿ ಬಸ್ಸಲ್ಲಿ ಓಡಾಡಿದವರಿಗೆ ‘ಮೆಡಿಟರೇನಿಯನ್ ಶೈಲಿಯ ವಿಲ್ಲಾಗಳು’ ಅನ್ನೋ ಹೋರ್ಡಿಂಗ್ ಹೊಸದೇನಲ್ಲ. ಬಾಗಿಲಿಗೊಂದು ಕಮಾನು, ಮೇಲೆ ನಾಲ್ಕು ಸಾಲು ಕೆಂಪು ಹೆಂಚು, ಗೇಟಿನ ಪಕ್ಕ ಕುಂಡದಲ್ಲಿ ಒಂದು ಗಿಡ. ಸಮುದ್ರ ಮಾತ್ರ 300ಕ್ಕೂ ಹೆಚ್ಚು ಕಿಲೋಮೀಟರ್ ದೂರ. ಇದನ್ನ ನೋಡಿ ನಗೋದು ಸುಲಭ, ನಾವೂ ಬೇಕಾದಷ್ಟು ನಕ್ಕಿದ್ದೀವಿ. ಆದ್ರೆ ನಿಜವಾದ ಮೆಡಿಟರೇನಿಯನ್ ಕಡಲತೀರದ ಮನೆ ಹೇಗಿರುತ್ತೆ, ಅದನ್ನ ಯಾರು ಕಟ್ತಾರೆ, ಕಟ್ಟಿದ ಮೇಲೆ ಯಾರು ನೋಡಿಕೊಳ್ತಾರೆ ಅನ್ನೋದು ನಗುವ ವಿಷಯ ಅಲ್ಲ. ಅದರಲ್ಲೂ ಕೊನೆಯ ಪ್ರಶ್ನೆ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಲೇಬೇಕಾದದ್ದು ಅಂತ ನಮ್ಮ ವಾದ. ಅದಕ್ಕೆ ಒಂದೇ ಒಂದು ಮನೆಯನ್ನ ಹಿಡಿದುಕೊಂಡು ಮಾತಾಡ್ತೀವಿ.

ಆ ಮನೆಯನ್ನ ನಿಮ್ಮಲ್ಲಿ ಕೆಲವರು ಆಗಲೇ ನೋಡಿದ್ದೀರಿ, ಗೊತ್ತಿಲ್ಲದೆ. 2013ರಲ್ಲಿ ಬಂದ ‘ಬಿಫೋರ್ ಮಿಡ್‌ನೈಟ್’ ಸಿನಿಮಾದಲ್ಲಿ ಒಬ್ಬ ಹಿರಿಯ ಲೇಖಕರ ಮನೆಯಲ್ಲಿ ಎಲ್ಲರೂ ಸೇರಿ ಊಟಕ್ಕೆ ಕೂತು ಪ್ರೀತಿ, ಮದುವೆ ಅಂತೆಲ್ಲ ಹರಟುವ ಉದ್ದದ ದೃಶ್ಯ ಇದೆಯಲ್ಲ, ಅದು ಸೆಟ್ ಅಲ್ಲ. ಗ್ರೀಸ್ ದೇಶದ ದಕ್ಷಿಣಕ್ಕೆ ಪೆಲೊಪೊನೀಸ್ ಅನ್ನೋ ದೊಡ್ಡ ಭೂಭಾಗ ಇದೆ. ಅದು ಕೆಳಗಡೆ ಮೂರು ಬೆರಳಿನ ಹಾಗೆ ಸಮುದ್ರದೊಳಗೆ ಚಾಚಿಕೊಂಡಿದೆ. ನಡುವಿನ ಬೆರಳು ಮಾನಿ. ಅಲ್ಲಿ ಕಾರ್ದಮಿಲಿ ಅನ್ನೋ ಸಣ್ಣ ಊರು. ಹೋಮರನ ಇಲಿಯಡ್‌ನಲ್ಲಿ ಮುನಿಸಿಕೊಂಡ ಅಕಿಲೀಸನನ್ನ ಸಮಾಧಾನ ಮಾಡೋಕೆ ಕೊಡ್ತೀವಿ ಅಂದ ಏಳು ಊರುಗಳಲ್ಲಿ ಇದೂ ಒಂದು. ಆ ಊರಿಂದ ಸ್ವಲ್ಪ ದೂರದಲ್ಲಿ, ಕೆಳಗೆ ಬೆಣಚುಕಲ್ಲಿನ ಪುಟ್ಟ ತೀರ, ಹಿಂದೆ ಟೈಗೆಟಸ್ ಬೆಟ್ಟಸಾಲು, ನಡುವೆ ಆಲಿವ್ ಮರಗಳು. ಮನೆ ಅಲ್ಲಿದೆ.

ಕಟ್ಟಿಸಿದವರು ಪ್ಯಾಟ್ರಿಕ್ ಲೀ ಫರ್ಮರ್ ಅನ್ನೋ ಬ್ರಿಟಿಷ್ ಪ್ರವಾಸ ಸಾಹಿತಿ, ಮತ್ತು ಅವರ ಸಂಗಾತಿ ಜೋನ್, ಫೋಟೋಗ್ರಾಫರ್. ಲೀ ಫರ್ಮರ್ ಅವರ ಬದುಕು ಹೇಳ್ತಾ ಹೋದರೆ ಈ ಸಂಚಿಕೆ ಸಾಲೋದಿಲ್ಲ. 1933ರ ಡಿಸೆಂಬರಿನಲ್ಲಿ, 18ನೇ ವಯಸ್ಸಿಗೆ, ನೆದರ್ಲೆಂಡ್ಸಿನ ಕರಾವಳಿಯಿಂದ ಇಸ್ತಾಂಬುಲ್‌ವರೆಗೆ ಕಾಲ್ನಡಿಗೆಯಲ್ಲಿ ಹೊರಟವರು. ದಾರಿಯುದ್ದಕ್ಕೂ ಒಂದು ರಾತ್ರಿ ರೈತರ ಕೊಟ್ಟಿಗೆಯಲ್ಲಿ, ಇನ್ನೊಂದು ರಾತ್ರಿ ಜಮೀನ್ದಾರರ ಬಂಗಲೆಯಲ್ಲಿ ಅತಿಥಿಯಾಗಿ ಮಲಗಿದವರು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಕ್ರೀಟ್ ದ್ವೀಪದಲ್ಲಿ ಜರ್ಮನ್ ಜನರಲ್ ಕ್ರೈಪೆಯನ್ನ ಸಂಗಡಿಗರ ಜೊತೆ ಅಪಹರಿಸಿ ಬೆಟ್ಟ ಹತ್ತಿಸಿದ್ದೂ ಇವರೇ. ಇಷ್ಟೆಲ್ಲ ಅಲೆದ ಮನುಷ್ಯ ಒಂದು ಕಡೆ ನಿಲ್ಲಬೇಕು ಅಂದುಕೊಂಡಾಗ ಮಾನಿಯನ್ನ ಆರಿಸಿಕೊಂಡರು. 1960ರ ದಶಕದ ನಡುಭಾಗದಲ್ಲಿ ಮನೆ ಎದ್ದಿತು. ಕಟ್ಟುವಾಗ ಇಬ್ಬರೂ ಅಲ್ಲೇ ಟೆಂಟ್ ಹಾಕಿಕೊಂಡಿದ್ದರು.

ಆರ್ಕಿಟೆಕ್ಟ್ ಇರಲಿಲ್ಲ ಅಂತಲ್ಲ. ನಿಕೋಸ್ ಹಾಜಿಮಿಖಾಲಿಸ್ ಅನ್ನೋ ಗ್ರೀಕ್ ಆರ್ಕಿಟೆಕ್ಟ್ ಜೊತೆಗಿದ್ದರು. ಆದ್ರೆ ಆ ಮನೆಯ ಮೈಯಲ್ಲಿ ಕಾಣೋದು ಸ್ಥಳೀಯ ಮೇಸ್ತ್ರಿಗಳ ಕೈ. ಟೈಗೆಟಸ್ ಬೆಟ್ಟದ ಬುಡದ ಸುಣ್ಣಕಲ್ಲೇ ಗೋಡೆ. ಮಾನಿಯ ಹಳೆಯ ಮನೆಗಳೂ ಗೋಪುರಗಳೂ ಅದೇ ಕಲ್ಲಿನವು. ಅಲ್ಲಿನ ದಪ್ಪ ಕಲ್ಲುಗೋಡೆಯನ್ನ ನಮ್ಮ ಪಠ್ಯದ ಭಾಷೆಯಲ್ಲಿ ಹೇಳಬೇಕು ಅಂದ್ರೆ ಥರ್ಮಲ್ ಮಾಸ್: ಹಗಲಿನ ಬಿಸಿಲು ಹೊರಗಿಂದ ಒಳಗೆ ಬರೋಕೆ ಹಲವು ಗಂಟೆ ತಗೊಳ್ಳುತ್ತೆ, ಅಷ್ಟರಲ್ಲಿ ಕಡಲ ಗಾಳಿ ಬೀಸಿ ರಾತ್ರಿ ತಂಪಾಗಿರುತ್ತೆ. ಕಲ್ಲು ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಆದ್ದರಿಂದಲೇ ಕಲ್ಲುಕಟ್ಟಡಕ್ಕೆ ಕಮಾನು ಬೇಕಾಗಿದ್ದು. ಹೋರ್ಡಿಂಗಿನ ವಿಲ್ಲಾದಲ್ಲಿ ಕಾಂಕ್ರೀಟ್ ತೊಲೆ ಭಾರ ಹೊರುತ್ತೆ, ಅದರ ಕೆಳಗೆ ಕಮಾನು ಸುಮ್ನೆ ಫೋಟೋಗೆ ನಿಂತಿರುತ್ತೆ.

ತೋಟಕ್ಕೂ ಹೀಗೇ ಕಾರಣ ಇದೆ. ಅಲ್ಲಿ ಮಳೆ ಚಳಿಗಾಲದ್ದು, ಬೇಸಿಗೆ ಪೂರ್ತಿ ಒಣ. ನಮ್ಮ ಕರಾವಳಿಗೆ ಸರಿಯಾಗಿ ಉಲ್ಟಾ. ಹಾಗಾಗಿ ಹಸಿರು ಲಾನ್ ಅಲ್ಲಿ ಹುಚ್ಚುತನ. ಆಲಿವ್, ಸೈಪ್ರೆಸ್, ರೋಸ್‌ಮೇರಿ, ಎಲ್ಲವೂ ಕಮ್ಮಿ ನೀರಲ್ಲಿ ಬೇಸಿಗೆ ಕಳೆಯೋ ಗಿಡಮರಗಳು. ಹಾದಿಗಳಲ್ಲಿ, ಜಗಲಿಯಲ್ಲಿ ಕಡಲಿನ ಬೆಣಚುಕಲ್ಲು ಹಾಸಿ ಚಿತ್ತಾರ ಮಾಡಿದ್ದಾರೆ. ಇಳಿಜಾರನ್ನ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಗಾರೆಯಿಲ್ಲದ ಒಣಕಲ್ಲಿನ ಗೋಡೆಯಿಂದ ಮಣ್ಣು ತಡೆಯೋದು ಆ ಕಡೆಯ ಹಳೇ ಪದ್ಧತಿ. ರಿಟೇನಿಂಗ್ ವಾಲ್ ಪಾಠದಲ್ಲಿ ‘ವೀಪ್ ಹೋಲ್ ಮರೆಯಬೇಡಿ’ ಅಂತ ಹತ್ತು ಸಲ ಹೇಳಿಸಿಕೊಂಡವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ: ಇಡೀ ಗೋಡೆಯೇ ವೀಪ್ ಹೋಲ್. ನೀರು ಹಿಂದೆ ನಿಲ್ಲೋದೇ ಇಲ್ಲ. ಗ್ರೀಸ್ ಸೇರಿದಂತೆ ಎಂಟು ದೇಶಗಳ ಈ ಒಣಕಲ್ಲಿನ ಕಸುಬನ್ನ 2018ರಲ್ಲಿ ಯುನೆಸ್ಕೋ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಇನ್ನು ಅತಿಥಿಗೃಹ. ಊಟ, ಹರಟೆ, ಪುಸ್ತಕದ ಕಪಾಟುಗಳಿರೋ ಆ ದೊಡ್ಡ ಕೋಣೆ ಮುಖ್ಯ ಮನೆಯಲ್ಲಿದೆ. ಅದನ್ನ ಹೊಗಳದೇ ಹೋದವರು ಕಮ್ಮಿ. ಲೀ ಫರ್ಮರ್ ಬರೆಯುತ್ತಿದ್ದ ಕೋಣೆ ಬೇರೆ ಕಟ್ಟಡ. ಅತಿಥಿಗಳಿಗೂ ಬೇರೆ ಮನೆ. ಬಂದವರು ಎಷ್ಟು ಹೊತ್ತಿಗಾದ್ರೂ ಏಳಲಿ, ಬರೆಯುವವರಿಗೆ ತೊಂದರೆಯಿಲ್ಲ. ಬರೆಯುವವರು ಬಾಗಿಲು ಹಾಕಿಕೊಂಡಿದ್ರೂ ಬಂದವರಿಗೆ ಮುಜುಗರವಿಲ್ಲ. ಹದಿಹರೆಯದಲ್ಲಿ ಅರ್ಧ ಯುರೋಪಿನ ಅತಿಥಿಯಾಗಿದ್ದವರು ಬೇರೆ ಥರ ಪ್ಲಾನ್ ಹಾಕೋದು ಸಾಧ್ಯವಿತ್ತಾ?

ಇಲ್ಲಿವರೆಗೆ ಎಲ್ಲ ಚೆನ್ನಾಗಿದೆ. ತೊಂದರೆ ಶುರುವಾಗೋದು ಮನೆಯವರು ಹೋದ ಮೇಲೆ. ಜೋನ್ 2003ರಲ್ಲಿ ತೀರಿಕೊಂಡರು. ಲೀ ಫರ್ಮರ್ 2011ರ ಜೂನಿನಲ್ಲಿ, 96ನೇ ವಯಸ್ಸಿಗೆ. ಮಕ್ಕಳಿರಲಿಲ್ಲ. ಅದಕ್ಕೇ ಅವರಿಬ್ಬರೂ 1996ರಲ್ಲೇ, ಬದುಕಿದ್ದಾಗಲೇ, ಮನೆಯನ್ನ ಅಥೆನ್ಸಿನ ಬೆನಾಕಿ ಮ್ಯೂಸಿಯಂಗೆ ಬರೆದುಕೊಟ್ಟಿದ್ದರು. ತಮ್ಮ ಕಾಲಾನಂತರ ಬರಹಗಾರರು, ಸಂಶೋಧಕರು ಬಂದು ಉಳಿದು ಕೆಲಸ ಮಾಡಲಿ ಅನ್ನೋದು ಆಸೆ. ಮ್ಯೂಸಿಯಂ ಕೈಗೆ ಮನೆ ಬಂದಾಗ ಗ್ರೀಸ್ ಸಾಲದ ಬಿಕ್ಕಟ್ಟಿನಲ್ಲಿ ಮುಳುಗಿತ್ತು. ಪಿಂಚಣಿಗೇ ಕತ್ತರಿ ಬೀಳುತ್ತಿದ್ದ ಕಾಲದಲ್ಲಿ ಕವಿಗಳಿಗೆ ಕೋಣೆ ರಿಪೇರಿ ಮಾಡೋರು ಯಾರು? ವರ್ಷಗಟ್ಟಲೆ ಕೆಲಸ ನಿಂತೇ ಇತ್ತು. ಲೀ ಫರ್ಮರ್ ಅವರ ಓದುಗರು ಮನೆ ಹಾಳಾಗ್ತಿದೆ ಅಂತ ದೂರುತ್ತಲೇ ಇದ್ದರು.

ಕಡಲತೀರದಲ್ಲಿ ‘ಸುಮ್ನೆ ಬಿಡೋದು’ ಅಂತ ಒಂದು ಸ್ಥಿತಿಯೇ ಇಲ್ಲ. ಇದನ್ನ ಮೆಟೀರಿಯಲ್ಸ್ ಲ್ಯಾಬಿನಲ್ಲಿ ಕೂತು ಕಲಿಯೋದಕ್ಕಿಂತ ಮಲ್ಪೆಯದೋ ಕಾರವಾರದ್ದೋ ಒಂದು ಹಳೆ ಮನೆಯ ಕಿಟಕಿ ಸರಳು ಮುಟ್ಟಿ ನೋಡಿ ಕಲಿಯೋದು ವಾಸಿ. ಉಪ್ಪುಗಾಳಿ ಕಬ್ಬಿಣವನ್ನ ತಿನ್ನುತ್ತೆ. ಕಾಂಕ್ರೀಟಿನೊಳಗಿನ ಸರಳಿಗೆ ಕ್ಲೋರೈಡ್ ತಲುಪಿದರೆ ತುಕ್ಕು ಉಬ್ಬಿ, ಹೊರಗಿನ ಪದರವನ್ನೇ ಸಿಡಿಸುತ್ತೆ. ಕಲ್ಲುಗೋಡೆಗೆ ಅಷ್ಟು ಬೇಗ ಸಾವಿಲ್ಲ, ಆದ್ರೆ ಸಂದಿನ ಗಾರೆ ಉದುರುತ್ತೆ, ಒಂದು ಹೆಂಚು ಜರುಗಿದರೆ ಆ ಚಳಿಗಾಲದ ಮಳೆ ನೇರ ಮರದ ತೊಲೆಗೆ. ಒಂದು ಹೆಂಚಿನ ಖರ್ಚಿಗೆ ಮುಗಿಯಬೇಕಾದದ್ದು ಐದು ವರ್ಷದ ನಂತರ ಒಂದು ಛಾವಣಿಯ ಖರ್ಚಾಗುತ್ತೆ. ಕೊನೆಗೆ ಸ್ಟಾವ್ರೋಸ್ ನಿಯಾರ್ಕೋಸ್ ಫೌಂಡೇಶನ್ ಹಣ ಕೊಟ್ಟ ಮೇಲೆ ರಿಪೇರಿ ನಡೆದು, 2019ರ ಹೊತ್ತಿಗೆ ಮನೆ ಮತ್ತೆ ಬಳಕೆಗೆ ಸಿದ್ಧವಾಯಿತು. ದೊಡ್ಡ ದಾನಿ ಸಿಕ್ಕಿದ್ದು ಅದೃಷ್ಟ. ಎಲ್ಲ ಮನೆಗೂ ಸಿಗಲ್ಲ.

ಈಗ ಜಗಳದ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ಆ ಮನೆಯನ್ನ ಪ್ರವಾಸಿಗರಿಗೆ ಬಾಡಿಗೆಗೆ ಕೊಡ್ತಾರೆ. ಮುಖ್ಯ ಮನೆ, ಅತಿಥಿಗೃಹ, ತೋಟ, ಕಡಲಿಗಿಳಿಯೋ ಮೆಟ್ಟಿಲು, ಎಲ್ಲ. ಬಾಡಿಗೆ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ, ಕೇಳಲೂಬೇಡಿ. ನಮ್ಮ ಬಳಗದಲ್ಲಿ ಈ ಮಾತು ಬಂದಾಗ ಅರ್ಧ ಜನ ಸಿಟ್ಟಾದರು. ಬರಹಗಾರರಿಗೆ ಅಂತ ಕೊಟ್ಟ ಮನೆಯಲ್ಲಿ ದುಡ್ಡಿದ್ದವರು ರಜೆ ಕಳೆಯೋದಾ? ಸಾಹಿತಿಯ ಹೆಸರು ರೆಸಾರ್ಟಿಗೆ ಬೋರ್ಡಾಯ್ತಾ? ಸಿಟ್ಟಿಗೆ ಕಾರಣ ಇದೆ. ಸಾಹಿತಿಯ ಮನೆ, ಕಲಾವಿದರ ಮನೆ ಅಂತ ಹೆಸರಿಟ್ಟು ಹೋಟೆಲ್ ನಡೆಸೋದು ಪ್ರಪಂಚದ ಎಲ್ಲ ಕಡೆ ಇದೆ.

ಆದರೂ ನಾವು ಬಾಡಿಗೆಯ ಪರ. ಯಾಕಂದ್ರೆ ಈ ಬಾಡಿಗೆ ಮ್ಯೂಸಿಯಂ ಆಮೇಲೆ ಕಂಡುಕೊಂಡ ಉಪಾಯ ಅಲ್ಲ, ದಾನದ ಷರತ್ತಿನಲ್ಲೇ ಇದ್ದದ್ದು: ವರ್ಷಕ್ಕೆ ಮೂರು ತಿಂಗಳು ಬಾಡಿಗೆಗೆ ಕೊಟ್ಟು ಆ ಹಣದಿಂದ ಮನೆ ನಡೆಸಬಹುದು. ಬರೆದಾಗ ಲೀ ಫರ್ಮರ್ ಅವರಿಗೆ 81 ವರ್ಷ. ಲೆಕ್ಕಾಚಾರದಲ್ಲಿ ಹೆಸರು ಮಾಡಿದವರೇನಲ್ಲ, ಕಾಲ್ನಡಿಗೆಯ ಪುಸ್ತಕದ ಎರಡನೇ ಭಾಗ 1986ರಲ್ಲಿ ಬಂದ ಮೇಲೆ ಮೂರನೆಯದನ್ನ ಸಾಯೋವರೆಗೂ ಮುಗಿಸದೇ ಇದ್ದವರು. ಅಂಥವರು ಸುಣ್ಣ, ಹೆಂಚು, ಮಾಲಿ, ಕರೆಂಟ್ ಬಿಲ್ಲಿಗೆ ದುಡ್ಡೆಲ್ಲಿಂದ ಅನ್ನೋದನ್ನ ದಾನಪತ್ರದಲ್ಲೇ ಯೋಚಿಸಿದ್ದರು. ಗೋಡೆ, ಕಮಾನು, ತೋಟದಷ್ಟೇ ಅದೂ ಆ ಮನೆಯ ಡಿಸೈನು. ಅತಿಥಿಗೃಹ ಇಲ್ಲದಿದ್ರೆ, ಕಟ್ಟಡಗಳು ಬೇರೆ ಬೇರೆ ಇಲ್ಲದಿದ್ರೆ, ಹೀಗೆ ಬಾಡಿಗೆಗೆ ಕೊಡೋದು, ಹತ್ತು ಜನ ಸಂಶೋಧಕರನ್ನ ಇಟ್ಟುಕೊಳ್ಳೋದು ಎರಡೂ ಕಷ್ಟವಾಗ್ತಿತ್ತು.

ನಮಗೆ ಭಯ ಇರೋದು ಬಾಡಿಗೆಯ ಬಗ್ಗೆ ಅಲ್ಲ, ‘ಮೂರು’ ಅನ್ನೋ ಅಂಕಿಯ ಬಗ್ಗೆ. ಮೂರು ಒಂದು ದಿನ ನಾಲ್ಕಾಗಬಹುದು, ಐದಾಗಬಹುದು. ಪ್ರತಿ ಸಲವೂ ಕಾರಣ ಸಮಂಜಸವಾಗೇ ಇರುತ್ತೆ: ಈ ವರ್ಷ ಪೈಪ್ ಒಡೆದಿದೆ, ಮುಂದಿನ ವರ್ಷ ಛಾವಣಿ. ಹಾಗಾಗದಂತೆ ಕಾಯೋಕೆ ಸಿಟ್ಟಾದ ಓದುಗರು ಬೇಕು. ಅವರು ಬಾಡಿಗೆಯನ್ನೇ ನಿಲ್ಲಿಸಿ ಅಂತ ಕೂಗೋದು ಬಿಟ್ಟು ತಿಂಗಳು ಎಣಿಸಿದರೆ ಒಳ್ಳೇದು.

ಇದು ದೂರದ ದೇಶದ ಕತೆ, ನಮಗ್ಯಾಕೆ ಅನ್ನೋರಿಗೆ: ಅದೇ 2011ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನ ಕೆಡವೋಕೆ ಶುರುಮಾಡಿದ್ದರು. ವಿರೋಧ ಬಂದ ಮೇಲೆ ನಿಂತಿತು, ಮಹಾನಗರ ಪಾಲಿಕೆ ರಿಪೇರಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಉಳಿಸಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮ್ಯೂಸಿಯಂ ಅಂದ್ರೆ ಜನ ಬಂದು, ಕನ್ನಡಕ, ಕೋಟು ನೋಡಿ, ಹೊರಡ್ತಾರೆ. ರಾತ್ರಿ ದೀಪ ಉರಿಯುವ ಮನೆಯಲ್ಲಿ ನಲ್ಲಿ ಸೋರಿದ್ರೆ ಬೆಳಗ್ಗೆಯೇ ಗೊತ್ತಾಗುತ್ತೆ. ಕಾರ್ದಮಿಲಿಯ ಮನೆಗೆ ಆ ಅನುಕೂಲ ಇದೆ.

ನಮ್ಮ ಓದಿನಲ್ಲಿ ಈ ವಿಷಯಕ್ಕೆ ಜಾಗ ಎಲ್ಲಿದೆ ಅಂತ ಹುಡುಕಿದ್ವಿ. ಎಸ್ಟಿಮೇಶನ್ ಅಂಡ್ ಕಾಸ್ಟಿಂಗ್‌ನಲ್ಲಿ ಅಡಿಪಾಯದ ಮಣ್ಣಿನಿಂದ ಹಿಡಿದು ಕೊನೇ ಕೋಟ್ ಪೇಂಟಿನವರೆಗೆ ಲೆಕ್ಕ ಹಾಕಿಸ್ತಾರೆ. ಪೇಂಟ್ ಒಣಗಿದ ಕೂಡಲೇ ಲೆಕ್ಕ ಮುಗೀತು. ಇಪ್ಪತ್ತನೇ ವರ್ಷ ಆ ಗೋಡೆಯ ಹತ್ತಿರ ಯಾರಿರ್ತಾರೆ, ಅವರ ಸಂಬಳ ಎಲ್ಲಿಂದ ಬರುತ್ತೆ ಅನ್ನೋದು ವೈವಾದಲ್ಲಿ ಯಾರೂ ಕೇಳಲ್ಲ. ಮೆಕ್ಯಾನಿಕಲ್‌ನವರಿಗಾದರೂ ಮೇಂಟೆನೆನ್ಸ್ ಅಂತ ಒಂದಷ್ಟು ಓದು ಇದೆ. ಸಿವಿಲ್‌ನವರಿಗೆ ಕಟ್ಟೋದೇ ಹಬ್ಬ. ಹಾಸ್ಟೆಲ್‌ನಲ್ಲಿ ಬಕೆಟ್ ಇಟ್ಟುಕೊಂಡು ಮಲಗಿದವರಿಗೆ ಹೆಚ್ಚು ವಿವರಣೆ ಬೇಡ.

ಹಾಗಾಗಿ ಕೊನೇ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವ ಗೆಳೆಯರಿಗೆ ನಮ್ಮದೊಂದು ಕೋರಿಕೆ. ಈ ಸಲವೂ ಎರಡು ಮೂರು ತಂಡ ಕರಾವಳಿ ಹೋಂಸ್ಟೇ, ಬೀಚ್ ವಿಲ್ಲಾ ಅಂತ ವಿಷಯ ಆರಿಸಿಕೊಂಡಿವೆ. ಕಮಾನು ಹಾಕಿ, ಬೇಡ ಅನ್ನಲ್ಲ. ಆದ್ರೆ ಮಳೆಗಾಲದಲ್ಲಿ ಧೋ ಅಂತ ಸುರಿಯೋ ಊರಿಗೆ ಒಣ ಬೇಸಿಗೆಯ ದೇಶದ ಜಗಲಿಯನ್ನ ಹಾಗೇ ಎತ್ತಿ ತರಬೇಡಿ. ಮತ್ತೆ ರಿಪೋರ್ಟಿನಲ್ಲಿ, ಡ್ರಾಯಿಂಗ್‌ಗಳ ಹಿಂದೆ, ಒಂದೇ ಒಂದು ಪುಟ ಸೇರಿಸಿ: ಈ ಕಟ್ಟಡವನ್ನ ಯಾರು ನೋಡಿಕೊಳ್ತಾರೆ, ವರ್ಷಕ್ಕೆ ಎಷ್ಟು ಬೇಕು, ಆ ದುಡ್ಡು ಎಲ್ಲಿಂದ. ಗೈಡ್ ಬೇಡ ಅಂದ್ರೆ ಅನುಬಂಧ ಅಂತ ಹಾಕಿ. ಬರೆದವರು ನಮಗೂ ಒಂದು ಪ್ರತಿ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ, ಗೋಡೆ ಬಿದ್ದ ಲೆಕ್ಕಗಳನ್ನೂ ಸೇರಿಸಿ.