ಮಾತು ಇರುವಾಗಲೇ ಮನೆಗೆ ಬನ್ನಿ

ಮಾನ್ಯ ಶ್ರೀ ದಿನೇಶ್ ಗುಂಡೂರಾವ್ ಅವರಿಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ



ಡಿಮೆನ್ಶಿಯಾ ಕೊನೆಯ ಹಂತ ಮುಟ್ಟಿದವರಿಗೆ ಎಲ್ಲಿ ನೋಯುತ್ತದೆ ಎಂದು ಹೇಳಲೂ ಬರುವುದಿಲ್ಲ. ಹಾಸಿಗೆ ಹುಣ್ಣು ಉರಿದರೆ ರಾತ್ರಿಯಿಡೀ ಕೂಗುತ್ತಾರೆ, ಹಲ್ಲು ನೋಯುತ್ತಿದ್ದರೆ ಗಂಜಿ ಉಗುಳುತ್ತಾರೆ. ಮನೆಯವರು ಅದನ್ನು ಅರಳುಮರಳು ಎಂದುಕೊಳ್ಳುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಂದ ದುಡಿಯುವ ಮಕ್ಕಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಸೇರುತ್ತಾರೆ. ಆರೈಕೆಯ ಭಾರ ಒಬ್ಬ ಸೊಸೆಯ ಮೇಲೋ ಅಷ್ಟೇ ವಯಸ್ಸಾದ ಗಂಡನ ಮೇಲೋ ಬೀಳುತ್ತದೆ.

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ನಗರಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಇಂಥವರನ್ನು ಗುರುತಿಸಲು ದಾರಿ ತೆರೆಯಿತು. ಗುರುತಿಸಿದ ಮೇಲೆ ವರ್ಷಗಟ್ಟಲೆ ಅವರ ಕೈಹಿಡಿಯುವವರು ಯಾರು? ಈ ಕಾಯಿಲೆಗೆ ಗುಣವಿಲ್ಲ, ನೋವಿಗೆ ಮದ್ದಿದೆ. ಹೊತ್ತಿಗೆ ಸರಿಯಾಗಿ ಪ್ಯಾರಾಸಿಟಮಾಲ್, ಅಗತ್ಯ ಬಿದ್ದರೆ ಮಾರ್ಫಿನ್, ಮಗ್ಗಲು ಬದಲಿಸುವ ಕ್ರಮ, ತುತ್ತು ಗಂಟಲಿಗೆ ಸಿಕ್ಕದಂತೆ ಉಣಿಸುವ ರೀತಿ ತಿಳಿದಿದ್ದರೆ ಮನೆಯಲ್ಲೇ ನೆಮ್ಮದಿ ಸಾಧ್ಯ. ಕೊನೆಯ ಹಂತದಲ್ಲಿ ಮೂಗಿನ ನಳಿಕೆಯಿಂದ ಆಹಾರ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ಕೈತುತ್ತೇ ಮೇಲು.

ಗೌರವದಿಂದ ಸಾಯುವ ಹಕ್ಕಿನ ಕುರಿತು 2025ರ ಜನವರಿಯಲ್ಲಿ ನಿಮ್ಮ ಇಲಾಖೆ ಹೊರಡಿಸಿದ ಸುತ್ತೋಲೆಯನ್ನು ಮನಸಾರೆ ಸ್ವಾಗತಿಸಿದ್ದೇವೆ. ಆದರೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಸ್ವಂತ ಬುದ್ಧಿ ನೆಟ್ಟಗಿರುವಾಗಲೇ ಬರೆಯಬೇಕು. ಡಿಮೆನ್ಶಿಯಾ ಇರುವವರಿಗೆ ಆ ಅವಕಾಶ ಬೇಗ ಮುಗಿದುಹೋಗುತ್ತದೆ. ಆದ್ದರಿಂದ ಕಾಯಿಲೆ ಗೊತ್ತಾದ ಹೊಸದರಲ್ಲೇ ಅವರ ಇಚ್ಛೆ ಕೇಳಬೇಕು, ಅವರ ಪರವಾಗಿ ಮಾತಾಡುವವರು ಯಾರೆಂದು ಬರೆಸಬೇಕು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅದು ತಾಲ್ಲೂಕು ಕೇಂದ್ರದಲ್ಲೇ ಆಗುವ ಕೆಲಸ.

ನಮ್ಮ ಬೇಡಿಕೆ ಇಷ್ಟು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ನರ್ಸ್, ಮಾರ್ಫಿನ್, ಒಂದು ವಾಹನವಿರುವ, ನೋವು ತಗ್ಗಿಸುವ ಉಪಶಾಮಕ ಆರೈಕೆ ತಂಡ ಬೇಕು. ಅದು ಕ್ಯಾನ್ಸರ್ ರೋಗಿಗಳ ಮನೆಗೆ ಬರುವಂತೆ ಡಿಮೆನ್ಶಿಯಾ ಇರುವವರ ಮನೆಗೂ ತಪ್ಪದೆ ಬರಬೇಕು. ಆಶಾ ಕಾರ್ಯಕರ್ತೆಯರಿಗೆ ಮಾತಿಲ್ಲದವರ ನೋವನ್ನು ಮುಖ ನೋಡಿ ಗುರುತಿಸಲು ಕಲಿಸಬೇಕು, ಆ ಕೆಲಸಕ್ಕೆ ಹೆಚ್ಚಿನ ಗೌರವಧನ ಕೊಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಕಟ್ಟಡಗಳಿಗೆ ಸಲ್ಲುವಂತೆ ಇದಕ್ಕೂ ಸಲ್ಲಲಿ.

ಹಾಸಿಗೆ ಹಿಡಿದವರನ್ನು ಹೊತ್ತು ಆಳಂದದಿಂದ ಸುಮಾರು 40 ಕಿ.ಮೀ. ದೂರದ ಕಲಬುರಗಿಗೆ ಹೋಗಲು ಎಲ್ಲರಿಗೂ ಆಗದು. ಆರೈಕೆಯೇ ಅವರಿರುವಲ್ಲಿಗೆ ಬರಲಿ. ಮೊದಲ ತಂಡವನ್ನು ಆಳಂದಕ್ಕೆ ಕೊಡಿ.

ವಿಶ್ವಾಸದಿಂದ,
ಆಳಂದದ ನಾಗರಿಕ