ಬೋರ್ಡೋದ ದ್ರಾಕ್ಷಿ, ತಾವರಗೇರಾದ ಹೊಲ



ಮೈಲುತುತ್ತ ಮತ್ತು ಸುಣ್ಣ ಕೂಡಿಸಿ ಮಾಡುವ ಬೋರ್ಡೋ ದ್ರಾವಣ ನಿಮಗೆ ಹೊಸದಲ್ಲ. ಬೋರ್ಡೋ ಎಂಬುದು ಫ್ರಾನ್ಸ್ ದೇಶದ ನೈಋತ್ಯ ಭಾಗದ ಒಂದು ಪಟ್ಟಣ. ವೈನಿಗೆ ಜಗತ್ಪ್ರಸಿದ್ಧವಾದ ಸೀಮೆ. ಅಲ್ಲಿನ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಈ ಮಿಶ್ರಣ ಚಿಮುಕಿಸುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ, ಅಂದರೆ ನೀವು ಹೇಳುವ ಡೌನಿ, ತಗುಲಲಿಲ್ಲವೆಂಬುದನ್ನು ಮಿಲ್ಲಾರ್ಡೆ ಎಂಬ ವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು.

ಈ ಮಾತು ಏಕೆಂದರೆ, ತಾವರಗೇರಾ ಭಾಗದಲ್ಲಿ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಸಾಹೇಬ್ರ, ವೈನ್ ದ್ರಾಕ್ಷಿ ಹಚ್ಚಿದ್ರ ಹೆಂಗ?" ಪ್ರಶ್ನೆ ಸಹಜ. ಹಂಪಿ ಗುಡ್ಡಗಳ ಸೀಮೆಯಲ್ಲಿ ಕ್ರಿಸ್ಮಾ ಎಸ್ಟೇಟ್ ಬೋರ್ಡೋದ ಕ್ಯಾಬರ್ನೆ ಸೊವಿನ್ಯೋಂ ತಳಿಯನ್ನೇ ಬೆಳೆದು ವೈನ್ ತಯಾರಿಸಿ ತೋರಿಸಿದೆ. ನಂದಿ ಬೆಟ್ಟದ ಕಡೆ 1988ರಲ್ಲಿ ಆರಂಭವಾದ ಗ್ರೋವರ್ ತೋಟಕ್ಕೆ ಬೋರ್ಡೋದ ತಜ್ಞ ಮಿಶೆಲ್ ರೊಲಾಂ ಸಲಹೆ ನೀಡಿದ್ದಾರೆ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೂ ಹೊರಡಿಸಿತು. ಆದುದರಿಂದ ಬಳ್ಳಿ ನಮ್ಮಲ್ಲಿ ಬರುವುದೇ ಎಂಬ ಸಂಶಯ ಬೇಡ. ಅಲ್ಲಿ ಬಳ್ಳಿ ಚಳಿಗಾಲವೆಲ್ಲ ಮಲಗಿದ್ದು ಸೆಪ್ಟೆಂಬರ್ ಹೊತ್ತಿಗೆ ಹಣ್ಣು ಕೊಡುತ್ತದೆ. ಇಲ್ಲಿ ನಾವು ಏಪ್ರಿಲ್ ಮತ್ತು ಅಕ್ಟೋಬರ್ ಎರಡು ಚಾಟಣಿ ಮಾಡಿ ಬೇಸಿಗೆಯ ಹೊಸ್ತಿಲಲ್ಲಿ ಕೊಯ್ಯುತ್ತೇವೆ. ಅಷ್ಟೇ ವ್ಯತ್ಯಾಸ.

ಕೇಳಬೇಕಾದುದು ಬೇರೆ: ಹಣ್ಣು ಯಾರ ಕೈಗೆ, ಯಾವ ದರಕ್ಕೆ?

ಬೋರ್ಡೋದಲ್ಲಿ ತೋಟ, ವೈನ್ ಮನೆ ಮತ್ತು ಹೆಸರು ಸೇರಿದ ಆಸ್ತಿಗೆ ಶಾತೋ ಎನ್ನುತ್ತಾರೆ. ಲಾಫಿತ್, ಲಾತೂರ್, ಮಾರ್ಗೋ ಇಂಥವು. 1855ರಲ್ಲಿ ಈ ತೋಟಗಳ ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದವರು ದಲ್ಲಾಳಿಗಳು. ಅಳತೆಗೋಲು ಪೇಟೆಯಲ್ಲಿ ಸಿಗುತ್ತಿದ್ದ ಬೆಲೆ. ಕುರಿಮರಿ ಮಾಂಸಕ್ಕೆ ಕೆಂಪು ವೈನ್, ಕಡಲ ಸಿಂಪಿಗೆ ಬಿಳಿ ವೈನ್ ಎಂದು ಊಟದೊಡನೆಯೂ ಅದನ್ನು ಜೋಡಿಸಿದರು. ಹಂಪಿಗೆ ಬರುವ ಪ್ರವಾಸಿಗೆ ಸಜ್ಜಿ ರೊಟ್ಟಿ, ಎಣಗಾಯಿ ಬಡಿಸಿ ನಾವೂ ಹೆಸರು ಕಟ್ಟಬಹುದು. ಆದರೆ ಹೆಸರಿನ ಲಾಭ ಬಾಟಲಿಯ ಒಡೆಯನಿಗೇ ಹೊರತು ಬರೀ ಗೊನೆ ಮಾರುವವನಿಗೆ ಅಲ್ಲ. ನಾನು ಕುಡಿತದ ಪರವಾಗಿ ಬರೆಯುತ್ತಿಲ್ಲ, ಬೆಳೆಗಾರನ ಲೆಕ್ಕ ಹೇಳುತ್ತಿದ್ದೇನೆ.

ವೈನ್ ದ್ರಾಕ್ಷಿಯ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೊಳ್ಳುವವನು ಕೈಬಿಟ್ಟರೆ ಸಂತೆಯಲ್ಲಿ ಮಾರಲಾಗದು, ಒಣದ್ರಾಕ್ಷಿಗೂ ಒದಗದು. ಥಾಂಪ್ಸನ್ ಸೀಡ್‌ಲೆಸ್ ಹಾಗಲ್ಲ. ದರ ಬಿದ್ದರೆ ವಿಜಯಪುರದವರಂತೆ ಒಣಗಿಸಿಡಬಹುದು. ಬೋರ್ಡೋದವರಿಗೇ ಸಂಕಟ ತಪ್ಪಲಿಲ್ಲ. ವೈನ್ ಕುಡಿಯುವವರು ಕಡಿಮೆಯಾಗಿ, ಸುಮಾರು 9,500 ಹೆಕ್ಟೇರು ಬಳ್ಳಿ ಕೀಳಿಸಲು 2023ರಲ್ಲಿ ಅಲ್ಲಿ ಪರಿಹಾರ ಧನದ ಯೋಜನೆ ಬಂತು. ಕುಷ್ಟಗಿ ಸೀಮೆಯ ದಾಳಿಂಬೆಗೆ ದುಂಡಾಣು ಅಂಗಮಾರಿ ಬಿದ್ದಾಗ ಹೊಲವೆಲ್ಲ ಒಂದೇ ಬೆಳೆಗೆ ಒಪ್ಪಿಸಿದವರ ಪಾಡು ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ.

ಆದಕಾರಣ ನನ್ನ ಅಭಿಪ್ರಾಯ ಇಷ್ಟು. ಕರಾರು ಮೊದಲು, ಕಂಬ ಆಮೇಲೆ. ದರ, ಸಕ್ಕರೆಯ ಬ್ರಿಕ್ಸ್ ಪ್ರಮಾಣ, ಕೊಯ್ಲಿನ ದಿನ, ತೂಕ ಮಾಡುವ ಸ್ಥಳ, ಹಣ ಕೊಡುವ ಗಡುವು ಇವೆಲ್ಲ ಬರಹದಲ್ಲಿರಲಿ. ಮಣ್ಣು ಮತ್ತು ಕೊಳವೆಬಾವಿ ನೀರನ್ನು ಪರೀಕ್ಷಿಸಿ, ಉಪ್ಪಿನಂಶವಿದ್ದರೆ ಡಾಗ್ರಿಜ್ ಬೇರುಗಿಡದ ಮೇಲೆ ಕಸಿ ಮಾಡಿಸಿರಿ. ಫಿಲಾಕ್ಸೆರಾ ಎಂಬ ಬೇರು ಹೇನು ಹಿಂದೆ ಫ್ರಾನ್ಸಿನ ತೋಟಗಳನ್ನು ನುಂಗಿದಾಗ ಅವರು ಉಳಿದದ್ದೂ ಅಮೆರಿಕದ ಬೇರುಗಿಡದ ಕಸಿಯಿಂದಲೇ. ಮೊದಲು ಒಂದೇ ಎಕರೆ ಹಚ್ಚಿರಿ. ಒಬ್ಬರಿಂದ ವೈನ್ ಮನೆ ಕಟ್ಟುವುದಾಗದು. ಹತ್ತಾರು ರೈತರು ಕೂಡಿದರೆ ಕೊಳ್ಳುವವನೊಡನೆ ಸಮನಾಗಿ ಕುಳಿತು ಮಾತಾಡಬಹುದು.

ಬೋರ್ಡೋದಿಂದ ದ್ರಾವಣ ಕಲಿತೆವು. ಅಲ್ಲಿನ ತಳಿಯ ಜೊತೆಗೆ ಅಲ್ಲಿನ ವ್ಯವಹಾರವನ್ನೂ ಕಲಿತರೆ ಮಾತ್ರ ಆ ಬಳ್ಳಿ ನಮ್ಮ ಹೊಲದಲ್ಲಿ ನಿಂತೀತು.