ಕಾನೂನೋ, ಎಂ.ಎ.ಯೋ?

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುವುದುಂಟು. ಬಿ.ಎ. ಮುಗಿಸಿದ ಮಕ್ಕಳು ಎಂ.ಎ. ಓದಬೇಕೆ, ಕಾನೂನು ಕಾಲೇಜಿಗೆ ಸೇರಬೇಕೆ? ಇದನ್ನು ಎಷ್ಟೋ ಸಲ ನಿರ್ಧರಿಸುವುದು ಮಕ್ಕಳ ಅಭಿರುಚಿಯಲ್ಲ. ಗಂಡುಮಗನಾದರೆ ಕರಿಕೋಟಿನ ಪ್ರತಿಷ್ಠೆ. ಹೆಣ್ಣುಮಗಳಾದರೆ ಮದುವೆಯಾಗುವವರೆಗೆ ಹೊತ್ತು ಕಳೆಯಲೊಂದು ಎಂ.ಎ. ಈ ರೂಢಿಯಿಂದ ಎರಡು ವಿದ್ಯೆಗಳಿಗೂ ಅಗೌರವ, ಮಕ್ಕಳಿಗೂ ಅನ್ಯಾಯ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಎಂ.ಎ. ಎರಡು ವರ್ಷ, ಪದವಿಯ ನಂತರದ ಎಲ್‌ಎಲ್.ಬಿ. ಮೂರು ವರ್ಷ. ಆದ್ದರಿಂದ ಎಂ.ಎ. ದಾರಿ ಹತ್ತಿರದ್ದೆಂದು ಹಲವರು ಎಣಿಸುತ್ತಾರೆ. ಆದರೆ ಪ್ರೌಢಶಾಲೆಯಲ್ಲಿ ಕಲಿಸಲು ಎಂ.ಎ. ಒಂದೇ ಸಾಲದು, ಬಿ.ಎಡ್. ಬೇಕು, ಅದೂ 2015ರಿಂದ ಎರಡು ವರ್ಷದ ವ್ಯಾಸಂಗ. ಕಾಲೇಜಿನ ಅಧ್ಯಾಪನಕ್ಕೆ ನೆಟ್, ಕೆ-ಸೆಟ್‌ನಂತಹ ಅರ್ಹತಾ ಪರೀಕ್ಷೆಗಳಿವೆ. ಅವುಗಳಲ್ಲಿ ತೇರ್ಗಡೆಯಾದ ಮೇಲೂ ಕಾಯಂ ನೇಮಕಾತಿಯನ್ನು ಎದುರುನೋಡುತ್ತ ಅತಿಥಿ ಉಪನ್ಯಾಸಕರಾಗಿ ವರ್ಷಗಳನ್ನು ಸವೆಸುವವರು ಅನೇಕರು.

ವಕೀಲಿಕೆಯ ದಾರಿಯೂ ಸುಗಮವಲ್ಲ. ಪದವಿಯ ತರುವಾಯ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ, ಬಳಿಕ ಹಿರಿಯರ ಕಚೇರಿಯಲ್ಲಿ ಅಲ್ಪ ಸಂಪಾದನೆಯ ವರ್ಷಗಳು. ನೋಂದಣಿ ಶುಲ್ಕವನ್ನು ಸಾಮಾನ್ಯ ವರ್ಗದವರಿಂದ 750 ರೂಪಾಯಿಗೂ ಪರಿಶಿಷ್ಟರಿಂದ 125 ರೂಪಾಯಿಗೂ ಮೀರಿ ಪಡೆಯಬಾರದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತದ್ದು ಬಡ ಕುಟುಂಬಗಳಿಗೆ ನೆರವಾಗಿದೆ. ಸಿವಿಲ್ ನ್ಯಾಯಾಧೀಶರ ಹುದ್ದೆಯ ಪ್ರವೇಶಕ್ಕೆ ಮೂರು ವರ್ಷಗಳ ವಕೀಲಿಕೆ ಬೇಕೆಂದು ಅದೇ ನ್ಯಾಯಾಲಯವು 2025ರಲ್ಲಿ ಹೇಳಿರುವುದನ್ನೂ ಮರೆಯಲಾಗದು.

ಹೀಗೆ ಎರಡೂ ದಾರಿಗಳು ದೀರ್ಘವಾಗಿರುವಾಗ, ಆ ವಿದ್ಯೆಯಿಂದ ಮಾಡಬೇಕಾದ ಕೆಲಸ ಮಗುವಿಗೆ ಒಪ್ಪಿಗೆಯೇ ಎಂಬುದು ಮುಖ್ಯ. ನಮ್ಮ ಜಿಲ್ಲೆಯಲ್ಲಿ ಎರಡಕ್ಕೂ ಕೆಲಸವಿದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಂತಾಗ ಆ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2006ರ ಅರಣ್ಯ ಹಕ್ಕು ಕಾಯಿದೆಯ ಬಲದಿಂದ 2011ರಲ್ಲಿ ಸಾಮುದಾಯಿಕ ಹಕ್ಕುಗಳನ್ನು ಪಡೆದರು. ಕಾನೂನು ಬಲ್ಲವರು ಬಡವರ ಪಕ್ಕದಲ್ಲಿ ನಿಂತರೆ ಏನಾಗಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ವಕೀಲರ ಪಾಲಕ ಸಂತರಾದ ಈವೊ ಅವರನ್ನು ಬಡವರ ವಕೀಲರೆಂದೇ ಸ್ಮರಿಸುತ್ತೇವಲ್ಲವೆ?

ಇತ್ತ ಮಲೆಯ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳು ಹುಟ್ಟಿ ಬೆಳೆದ ನೆಲವೂ ಇದೇ. ಕಂಸಾಳೆಯವರ, ನೀಲಗಾರರ ಬಾಯಲ್ಲಿ ಉಳಿದ ಈ ಸಂಪತ್ತನ್ನು ಬರಹಕ್ಕೆ ತಂದವರಲ್ಲಿ ಪಿ. ಕೆ. ರಾಜಶೇಖರ ಅವರಂತಹ ವಿದ್ವಾಂಸರಿದ್ದಾರೆ. ಕನ್ನಡವನ್ನೋ ಇತಿಹಾಸವನ್ನೋ ಶ್ರದ್ಧೆಯಿಂದ ಓದಿದವರಿಗೆ ಇಲ್ಲಿ ಇನ್ನೂ ಕೆಲಸ ಉಳಿದಿದೆ. ಚಾಮರಾಜನಗರದಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಆದರೆ ಹತ್ತಿರದಲ್ಲಿದೆ ಎಂಬ ಒಂದೇ ಕಾರಣದಿಂದ ಎಂ.ಎ.ಗೆ ಸೇರುವುದು ತರವಲ್ಲ.

ಎರಡರಲ್ಲೂ ಒಲವಿರುವವರಿಗೆ ನಮ್ಮ ಸಲಹೆ ಸ್ಪಷ್ಟ: ಕಾನೂನು ಮೊದಲಾಗಲಿ. ಎಂ.ಎ. ಪದವಿಯನ್ನು ಮುಂದೆಂದಾದರೂ, ದುಡಿಯುತ್ತಲೇ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮನೆಯಲ್ಲಿದ್ದು ಪಡೆಯಬಹುದು. ವಕೀಲರಾಗಬೇಕಾದವರು ಹಾಗೆ ಅಂಚೆಯಲ್ಲಿ ಕಾನೂನು ಕಲಿಯಲಾಗದು. ತರಗತಿಯಲ್ಲಿ ಕೂತೇ ಓದಬೇಕು. ಹೊಣೆಗಾರಿಕೆ ಹೆಚ್ಚಿದಂತೆ ಅಂತಹ ಮೂರು ವರ್ಷಗಳು ಮತ್ತೆ ಕೈಗೆ ಸಿಗುವುದು ದುರ್ಲಭ. ಆದರೆ ಒಲವು ಸಾಹಿತ್ಯ, ಅಧ್ಯಾಪನ, ಸಂಶೋಧನೆಗಳ ಕಡೆಗೇ ಇದ್ದರೆ ಪ್ರತಿಷ್ಠೆಗಾಗಿ ಅವರನ್ನು ನ್ಯಾಯಾಲಯಕ್ಕೆ ಅಟ್ಟಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಕ್ರೈಸ್ತ ಕುಟುಂಬದ ಕಾರ್ನೇಲಿಯಾ ಸೊರಾಬ್ಜಿ 1892ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆಗೆ ಕುಳಿತರು. ಮಹಿಳೆಯರ ವಕೀಲಿಕೆಗಿದ್ದ ಅಡ್ಡಿಯನ್ನು ಇಲ್ಲಿ ತೆಗೆದದ್ದು 1923ರ ಕಾಯಿದೆ. ಶತಮಾನ ಕಳೆದ ಮೇಲೂ ಮೈಸೂರಿನ ಕಾನೂನು ಕಾಲೇಜು ಮಗನಿಗೆ ಹತ್ತಿರ, ಮಗಳಿಗೆ ದೂರ ಎನ್ನುವುದು ಯಾವ ನ್ಯಾಯ? ಊರಿನಿಂದ ಮೈಸೂರಿಗೆ ಇಬ್ಬರಿಗೂ ಅದೇ ಅರವತ್ತು ಕಿಲೋಮೀಟರು.

ಆದ್ದರಿಂದ ಪೋಷಕರು ಅರ್ಜಿ ತುಂಬುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲಿ. ಈ ವಿದ್ಯೆ ಬಯಸುವ ದಿನನಿತ್ಯದ ಕೆಲಸ ಮಗುವಿಗೆ ಇಷ್ಟವೇ? ಸಂಪಾದನೆ ಕಡಿಮೆಯಿರುವ ವರ್ಷಗಳನ್ನು ಮನೆ ತಾಳಬಲ್ಲದೆ? ಮಗನಿಗೆ ಕೊಟ್ಟ ಅವಕಾಶವನ್ನು ಮಗಳಿಗೂ ಕೊಡುತ್ತಿದ್ದೇವೆಯೇ? ಈ ಮೂರಕ್ಕೂ ಪ್ರಾಮಾಣಿಕ ಉತ್ತರ ದೊರೆತ ಮನೆಯಲ್ಲಿ ಆಯ್ಕೆ ಯಾವುದಾದರೂ ಚಿಂತೆಯಿಲ್ಲ.